ನೆಗಡಿ, ಗಂಟಲು ನೋವು ಇರುವಾಗ ವ್ಯಾಯಾಮ: ಮಾಡಬೇಕಾದ್ದು, ಮಾಡಬಾರದ್ದು

ವಾಕಿಂಗ್‌ಗೆ ಹೋಗುವವರು, ಜಿಮ್ಮಿಗೆ ಹೋಗುವವರು, ಗರಡಿಯಲ್ಲಿ ಸಾಮು ಮಾಡುವವರು, ಪೊಲೀಸ್ ಮತ್ತು ಸೇನೆ ಭರ್ತಿಗೆಂದು ಓಟ ಅಭ್ಯಾಸ ಮಾಡುತ್ತಿರುವವರು, ಅವರ ಕೋಚ್‌ಗಳು, ಮಕ್ಕಳನ್ನು ಆಟಕ್ಕೆ ಕಳಿಸುವ ತಂದೆತಾಯಿ: ಷೂ ಕಟ್ಟುವ ಮೊದಲು ಇದನ್ನು ಓದಿ.

ಪರಿಣಾಮವನ್ನು ಒಂದೇ ಸಲ ಹೇಳುತ್ತೇವೆ. ಫ್ಲೂ, ಕೋವಿಡ್, ಕಾಕ್ಸಾಕಿಯಂಥ ವೈರಸ್‌ಗಳು ಶುರುವಿನಲ್ಲಿ ಬರೀ ಶೀತದಂತೆ ಕಾಣುತ್ತವೆ. ಇವು ಹೃದಯದ ಸ್ನಾಯುವಿಗೂ ಇಳಿಯಬಲ್ಲವು. ಆ ಸ್ನಾಯು ಉರಿಯೂತದಲ್ಲಿರುವಾಗ ಓಡಿದರೆ, ಭಾರ ಎತ್ತಿದರೆ ಬಡಿತದ ತಾಳ ತಪ್ಪಿ ಮನುಷ್ಯ ನಿಂತಲ್ಲೇ ಬಿದ್ದು ಸಾಯಬಹುದು. ಹಾಗೆ ಸತ್ತವರಲ್ಲಿ ಯಾವ ಕಾಯಿಲೆಯೂ ಇಲ್ಲದ, ದಿನಾ ಮೈದಾನಕ್ಕಿಳಿಯುವ ಹರೆಯದವರೂ ಇದ್ದಾರೆ. ಇದು ಅಪರೂಪ, ನಿಜ. ಯಾರಿಗೆ ಆಗುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ.

ಈಗಲೇ 108

ಎದೆ ನೋವು ಅಥವಾ ಎದೆ ಹಿಂಡಿದಂತಾಗುವುದು. ಸುಮ್ಮನೆ ಕೂತಿದ್ದರೂ ಏದುಸಿರು. ಕಣ್ಣು ಕತ್ತಲಿಟ್ಟು ಬೀಳುವುದು. ಎದೆ ತಾಳ ತಪ್ಪಿ ಡವಗುಟ್ಟುವುದು. ತುಟಿ ನೀಲಿಯಾಗುವುದು. ಎಂಜಲು ನುಂಗಲಾಗದೆ ಜೊಲ್ಲು ಸುರಿಯುವುದು. ಬಾಯಿ ಅಗಲಿಸಲಾಗದಷ್ಟು ಗಂಟಲು ಊದುವುದು.

ಇವುಗಳಲ್ಲಿ ಒಂದಿದ್ದರೂ ಮುಂದೆ ಓದುವುದು ಬೇಡ. ಕರೆ ಮಾಡಿ. ಆಂಬುಲೆನ್ಸ್ ಬರುವ ತನಕ ಕೂತಲ್ಲೇ ಕೂತಿರಿ.

ಮಾಡಬೇಕಾದ್ದು

ಎದ್ದ ಕೂಡಲೇ

ಹಾಸಿಗೆಯಲ್ಲಿ ಇರುವಾಗಲೇ ನಾಡಿ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ನಿಮ್ಮ ಮಾಮೂಲಿ ಲೆಕ್ಕಕ್ಕಿಂತ 10 ಹೆಚ್ಚಿದ್ದರೆ ಆ ದಿನ ರಜೆ ಹಾಕಿ. (ಮಾಮೂಲಿ ಲೆಕ್ಕ ಗೊತ್ತಿಲ್ಲದವರು ಆರೋಗ್ಯವಾಗಿರುವಾಗ ಒಂದು ವಾರ ಎಣಿಸಿ ಬರೆದಿಟ್ಟುಕೊಳ್ಳಿ.)

ಥರ್ಮಾಮೀಟರ್ ಇಟ್ಟು ನೋಡಿ.

ಕಾಫಿ, ಕಷಾಯ ಕುಡಿದಿದ್ದರೆ ಅರ್ಧ ಗಂಟೆ ಬಿಟ್ಟು ಇಡಿ.

ಜ್ವರದ ಮಾತ್ರೆ ತಗೊಂಡಿದ್ದರೆ ಅದರ ಪ್ರಭಾವ ಇಳಿದ ಮೇಲೆ, ಎಂದರೆ ಆರು ಗಂಟೆ ಕಳೆದ ಮೇಲೆ, ಮತ್ತೊಮ್ಮೆ ನೋಡಿ. ಆಗ ಸಿಗುವ ಅಂಕಿಯೇ ನಿಜವಾದ ಅಂಕಿ.

100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜ್ವರ ಎಂದು ಬರೆದುಕೊಳ್ಳಿ. 99.5 ಇದ್ದು ಚಳಿಚಳಿ ಆಗುತ್ತಿದ್ದರೆ ಅದನ್ನೂ ಜ್ವರವೆಂದೇ ಹಿಡಿಯಿರಿ, ಸಂಜೆಯೊಳಗೆ ಏರಬಹುದು.

ಕುತ್ತಿಗೆಗೆ ಅಡ್ಡಗೆರೆ ಹಾಕಿ

ಅಮೆರಿಕದ ಕ್ರೀಡಾವೈದ್ಯ ಐಕ್ನರ್ ಹೇಳಿಕೊಟ್ಟ ಸುಲಭ ಪರೀಕ್ಷೆ ಇದು. ಇಂದಿಗೂ ಮೈದಾನದಲ್ಲಿ ಇದಕ್ಕಿಂತ ಬೇಗ ಮುಗಿಯುವ ಪರೀಕ್ಷೆ ಇಲ್ಲ.

ನಿಮ್ಮ ತೊಂದರೆ ಗೆರೆಯ ಮೇಲಿದೆಯೋ ಕೆಳಗಿದೆಯೋ ನೋಡಿಕೊಳ್ಳಿ. ಮೇಲೆ: ಮೂಗು ಸೋರುವುದು, ಮೂಗು ಕಟ್ಟುವುದು, ಸೀನು, ಗಂಟಲಲ್ಲಿ ಸ್ವಲ್ಪ ಕೆರೆತ. ಕೆಳಗೆ: ಎದೆಯಲ್ಲಿ ಕಫ, ಎದೆಯಾಳದಿಂದ ಬರುವ ಕೆಮ್ಮು, ಗೊರಗೊರ ಉಸಿರು, ವಾಂತಿ, ಭೇದಿ.

ಜ್ವರ, ಮೈಕೈ ನೋವು, ಮೇಲೇಳಲಾಗದ ಸುಸ್ತು ಇದ್ದರೆ ಗೆರೆಯ ಕೆಳಗಿನ ಪಟ್ಟಿಗೆ ಸೇರಿಸಿ.

ಅನುಮಾನ ಬಂದರೂ ಕೆಳಗಿನ ಪಟ್ಟಿಗೇ ಸೇರಿಸಿ.

ಕೆಳಗಿನ ಪಟ್ಟಿಯಲ್ಲಿ ಒಂದಿದ್ದರೂ ಮನೆಯಲ್ಲಿ ಮಲಗಿ. ಮೇಲಿನವು ಮಾತ್ರ ಇದ್ದರೆ ಮುಂದಿನ ಸಾಲುಗಳಿಗೆ ಹೋಗಿ.

ಬರೀ ಮೂಗು ಸೋರುತ್ತಿದ್ದರೆ

ಮಾಮೂಲಿಯ ಅರ್ಧ ಹೊತ್ತು ಮಾತ್ರ ವ್ಯಾಯಾಮ ಮಾಡಿ.

ಓಡುವವರು ನಡೆಯಿರಿ. ಬೆಟ್ಟ ಹತ್ತುವವರು ಸಮತಟ್ಟಿನಲ್ಲಿ ಸುತ್ತಾಡಿ.

ಪಕ್ಕದವರೊಂದಿಗೆ ಪೂರ್ತಿ ವಾಕ್ಯ ಮಾತಾಡುತ್ತ ಸಾಗುವಷ್ಟೇ ವೇಗ ಇಟ್ಟುಕೊಳ್ಳಿ. ಮಾತು ತುಂಡಾದರೆ ವೇಗ ಇಳಿಸಿ.

ಹತ್ತು ನಿಮಿಷಕ್ಕೊಮ್ಮೆ ನಿಂತು ನೋಡಿಕೊಳ್ಳಿ. ತಲೆ ಭಾರವಾಗಿದ್ದರೆ, ಕೆಮ್ಮು ಎದ್ದಿದ್ದರೆ, ಕಾಲು ಸೋತಿದ್ದರೆ ಅಲ್ಲಿಂದಲೇ ಮನೆಗೆ ತಿರುಗಿ.

ಬಯಲಲ್ಲಿ ಮಾಡಿ, ಒಬ್ಬರೇ ಮಾಡಿ. ಬಾಗಿಲು ಮುಚ್ಚಿ ಎಸಿ ಹಾಕಿದ ಜಿಮ್ಮಿನಲ್ಲಿ ನಿಮ್ಮೊಬ್ಬರ ಸೀನು ಹತ್ತು ಜನರ ವಾರ ಕೆಡಿಸುತ್ತದೆ. ಮೊದಲ ಎರಡು ಮೂರು ದಿನ ನೆಗಡಿ ಹರಡುವುದು ಹೆಚ್ಚು.

ಡಿಸೆಂಬರ್, ಜನವರಿಯಲ್ಲಿ ಮಂಜು ಸರಿದ ಮೇಲೆ ಹೊರಡಿ.

ಉಬ್ಬಸ ಇರುವವರು ಇನ್‌ಹೇಲರ್ ಜೇಬಿನಲ್ಲಿಟ್ಟುಕೊಂಡೇ ಮನೆ ಬಿಡಿ. ನಿಮಗೆ ನೆಗಡಿ ಮೂಗಿನಲ್ಲಿ ನಿಲ್ಲುವುದಿಲ್ಲ. ಉಸಿರಿನ ಜೊತೆ ಸಿಳ್ಳೆಯ ಸದ್ದು ಕೇಳಿಸಿದರೆ ಅಲ್ಲೇ ನಿಲ್ಲಿಸಿ.

ನಡೆದರೆ ನೆಗಡಿ ಹೆಚ್ಚಾಗುತ್ತದೆಯೇ ಎಂದು ಕೇಳುವವರಿಗೆ ಉತ್ತರ ಇದೆ. 1990ರ ದಶಕದಲ್ಲಿ ಅಮೆರಿಕದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಮೂಗಿಗೆ ಬೇಕೆಂದೇ ರೈನೊವೈರಸ್ ಬಿಟ್ಟು ನೋಡಿದರು. ದಿನ ಬಿಟ್ಟು ದಿನ 40 ನಿಮಿಷ ಹದವಾಗಿ ವ್ಯಾಯಾಮ ಮಾಡಿದವರಿಗೂ ಸುಮ್ಮನಿದ್ದವರಿಗೂ ನೆಗಡಿಯ ಜೋರಿನಲ್ಲಾಗಲಿ, ಅದು ಇದ್ದ ದಿನಗಳಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಹೆಚ್ಚಾಗಲೂ ಇಲ್ಲ, ಬೇಗ ವಾಸಿಯಾಗಲೂ ಇಲ್ಲ. ಈ ಫಲಿತಾಂಶ ಮೂಗಿನ ನೆಗಡಿಗೆ ಮಾತ್ರ ಸಲ್ಲುತ್ತದೆ. ಜ್ವರ ತರುವ ಫ್ಲೂಗೆ ಇದನ್ನು ಸಾಕ್ಷಿಯಾಗಿ ತರುವಂತಿಲ್ಲ.

ಗಂಟಲು ನೋವಿದ್ದರೆ

ಕನ್ನಡಿ ಮುಂದೆ ಬಾಯಿ ತೆರೆದು ಮೊಬೈಲ್ ಟಾರ್ಚ್ ಬಿಟ್ಟು ನೋಡಿ.

ಕತ್ತಿನ ಎರಡೂ ಬದಿ, ದವಡೆಯ ಕೆಳಗೆ ಒತ್ತಿ ನೋಡಿ.

ಗಂಟಲಗ್ರಂಥಿಯ ಮೇಲೆ ಬಿಳಿ ಚುಕ್ಕೆ ಅಥವಾ ಕೀವು, ಒತ್ತಿದರೆ ನೋಯುವ ಗಂಟು, ಜ್ವರ ಇದ್ದು, ನೆಗಡಿ ಕೆಮ್ಮು ಇಲ್ಲದಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಇದು ವೈರಸ್ ಅಲ್ಲದೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಇರಬಹುದು. 5ರಿಂದ 15 ವರ್ಷದ ಮಕ್ಕಳಲ್ಲಿ ಹೆಚ್ಚು. ಔಷಧ ಕೊಡದೆ ಬಿಟ್ಟರೆ ಕೆಲವರಲ್ಲಿ ಎರಡು ಮೂರು ವಾರ ಕಳೆದ ಮೇಲೆ ಕೀಲುವಾತದ ಜ್ವರ ಎದ್ದು ಹೃದಯದ ಕವಾಟ ಕೆಡುತ್ತದೆ. ನಮ್ಮ ದೇಶದಲ್ಲಿ ಈ ಕಾಯಿಲೆ ಇನ್ನೂ ಹೋಗಿಲ್ಲ. ಹೃದಯದ ಆಸ್ಪತ್ರೆಗಳಲ್ಲಿ ಕವಾಟ ಬದಲಿಸಿಕೊಳ್ಳಲು ಬರುವ ಎಷ್ಟೋ ಹರೆಯದವರ ಕಥೆ ಚಿಕ್ಕಂದಿನ ಗಂಟಲು ನೋವಿನಿಂದಲೇ ಶುರುವಾಗಿರುತ್ತದೆ.

ಬರೆದುಕೊಟ್ಟ ಆಂಟಿಬಯೊಟಿಕ್ ಕೊನೆಯ ಮಾತ್ರೆ ತನಕ ಮುಗಿಸಿ, ಮೂರನೇ ದಿನಕ್ಕೇ ಗಂಟಲು ಹಗುರಾದರೂ.

ಔಷಧ ಶುರುವಾಗಿ ಒಂದು ಪೂರ್ತಿ ದಿನ ಕಳೆಯುವ ತನಕ ಮಗುವನ್ನು ಶಾಲೆಗೂ ಆಟಕ್ಕೂ ಕಳಿಸದೆ ಮನೆಯಲ್ಲಿಡಿ.

ಗಂಟಲು ನೋವು, ಸುಸ್ತು ವಾರ ದಾಟಿದರೂ ಬಿಡದಿದ್ದರೆ ರಕ್ತಪರೀಕ್ಷೆ ಮಾಡಿಸಿ. ಹದಿಹರೆಯದವರಲ್ಲಿ ಎಪ್ಸ್ಟೀನ್ ಬಾರ್ ವೈರಸ್ ತರುವ ಗ್ರಂಥಿಜ್ವರ ಹೀಗೇ ಇರುತ್ತದೆ. ಅದರಲ್ಲಿ ಗುಲ್ಮ ಊದುತ್ತದೆ, ಹೊಟ್ಟೆಯ ಎಡಭಾಗಕ್ಕೆ ಪೆಟ್ಟು ಬಿದ್ದರೆ ಒಡೆಯಬಹುದು. ಕಬಡ್ಡಿ, ಕುಸ್ತಿ, ಫುಟ್‌ಬಾಲ್ ಆಡುವವರು ಕನಿಷ್ಠ ಮೂರು ವಾರ ಹೊರಗುಳಿದು, ಡಾಕ್ಟರ್ ಒಪ್ಪಿಗೆ ಕೊಟ್ಟ ಮೇಲೆ ಒಳಗೆ ಬನ್ನಿ.

ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ. ಒಂದು ಲೋಟಕ್ಕೆ ಅರ್ಧ ಚಮಚ ಉಪ್ಪು ಸಾಕು.

ಹೊಟ್ಟೆಗೆ, ಮೈಗೆ

ಗಂಜಿ, ಮೆಣಸಿನ ಸಾರು, ಬಿಸಿ ಅನ್ನ, ಏನು ಸೇರುತ್ತದೋ ಅದನ್ನು ತಿನ್ನಿ. ನೀರು ಕುಡಿಯುತ್ತಿರಿ, ಮೂತ್ರ ಗಾಢ ಹಳದಿಯಾಗಿದ್ದರೆ ಇನ್ನಷ್ಟು ಕುಡಿಯಿರಿ. ಬೆಳಗಿನ ಅಲಾರಂ ಬಂದ್ ಮಾಡಿ ನಿದ್ದೆ ಪೂರ್ತಿ ಮಾಡಿ.

ಮೈದಾನಕ್ಕೆ ವಾಪಸು ಬರುವಾಗ

ಮಾತ್ರೆ ಇಲ್ಲದೆ ಪೂರ್ತಿ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ದಿನ ಎಣಿಸಲು ಶುರು ಮಾಡಿ.

ಮೊದಲ ದಿನ 15 ನಿಮಿಷ ನಿಧಾನ ನಡೆಯಿರಿ. ಮರುದಿನ ಬೆಳಗ್ಗೆ ನಾಡಿ ನೋಡಿ. ಮಾಮೂಲಿಗೆ ಬಂದಿದ್ದರೆ ಐದು ನಿಮಿಷ ಸೇರಿಸಿ, ಬಂದಿಲ್ಲದಿದ್ದರೆ ಒಂದು ದಿನ ಹಿಂದಕ್ಕೆ ಹೋಗಿ.

ಎಷ್ಟು ದಿನ ಮಲಗಿದ್ದಿರೋ ಕನಿಷ್ಠ ಅಷ್ಟು ದಿನ ಹಗುರ ವ್ಯಾಯಾಮದಲ್ಲೇ ಇರಿ. ಭಾರ ಎತ್ತುವುದನ್ನು, ವೇಗದ ಓಟವನ್ನು ಎಲ್ಲಕ್ಕಿಂತ ಕೊನೆಗೆ ಸೇರಿಸಿ.

ಮೊದಲು ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲು ಈಗ ಏದುಸಿರು ತಂದರೆ ಇಸಿಜಿ ಮಾಡಿಸಿ. ಹೃದಯದ ಸ್ನಾಯುವಿಗೆ ಉರಿಯೂತವೆಂದು ಗೊತ್ತಾದರೆ ಮೂರರಿಂದ ಆರು ತಿಂಗಳು ಮೈದಾನ ಬಿಡಿ. ಹೃದಯದ ಡಾಕ್ಟರ್ ಮತ್ತೆ ಪರೀಕ್ಷೆ ಮಾಡಿ ಬರೆದುಕೊಟ್ಟ ಮೇಲೇ ಬನ್ನಿ.

ಮಾಡಬಾರದ್ದು

ಮಾತ್ರೆಯ ವಿಷಯ

ಜ್ವರಕ್ಕೆ ಡೋಲೊ ನುಂಗಿ ಓಡುವುದು ಬೇಡ. ಇಡೀ ಪಟ್ಟಿಯಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು. ಪ್ಯಾರಾಸಿಟಮಾಲ್ ಇಳಿಸುವುದು ಮೈಯ ಬಿಸಿಯನ್ನು ಮಾತ್ರ. ವೈರಸ್ ಇದ್ದಲ್ಲೇ ಇರುತ್ತದೆ. ಆರಾಮಾಗಿದ್ದೇನೆ ಎಂದು ಅನಿಸುವ ಆ ನಾಲ್ಕೈದು ಗಂಟೆಯೇ ಅಪಾಯದ ಹೊತ್ತು. ಮಾತ್ರೆ ಮಲಗುವವರಿಗೆ, ಓಡುವವರಿಗಲ್ಲ.

ಪ್ಯಾರಾಸಿಟಮಾಲ್ ಜೊತೆಗೆ ಮತ್ತೊಂದು ನೆಗಡಿ ಮಾತ್ರೆ ಬೇಡ. ಮೆಡಿಕಲ್ ಅಂಗಡಿಯಲ್ಲಿ ಕೊಡುವ ಶೀತದ ಮಾತ್ರೆಗಳಲ್ಲಿ ಹೆಚ್ಚಿನವುಗಳ ಒಳಗೇ ಪ್ಯಾರಾಸಿಟಮಾಲ್ ಇರುತ್ತದೆ. ಎರಡೂ ಸೇರಿ ಪಿತ್ತಜನಕಾಂಗಕ್ಕೆ ಹೊಡೆತ.

ಮೂಗು ಬಿಡಿಸುವ ಮಾತ್ರೆ ತಗೊಂಡು ಕಸರತ್ತು ಮಾಡಬಾರದು. ಫಿನೈಲೆಫ್ರಿನ್, ಸ್ಯೂಡೋಎಫೆಡ್ರಿನ್ ರಕ್ತದೊತ್ತಡ ಏರಿಸುತ್ತವೆ; ಸ್ಯೂಡೋಎಫೆಡ್ರಿನ್ ಎದೆಬಡಿತವನ್ನೂ ಏರಿಸುತ್ತದೆ. ಬಿಪಿ ಇರುವವರು ಇವುಗಳನ್ನು ಕೇಳದೆ ಮುಟ್ಟಲೂಬಾರದು.

ಸ್ಪರ್ಧೆಗೆ ಇಳಿಯುವವರು ಚೀಟಿ ಓದದೆ ಯಾವ ನೆಗಡಿ ಔಷಧವನ್ನೂ ಕುಡಿಯಬಾರದು. ಸ್ಯೂಡೋಎಫೆಡ್ರಿನ್ ಸ್ಪರ್ಧೆಯ ದಿನ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿದೆ. ಒಂದು ಮಿಲಿಲೀಟರ್ ಮೂತ್ರದಲ್ಲಿ 150 ಮೈಕ್ರೊಗ್ರಾಂ ದಾಟಿದರೆ ಡೋಪಿಂಗ್. ನೆಗಡಿ ಇತ್ತು ಎಂಬ ಸಬೂಬು ಅಲ್ಲಿ ನಡೆಯುವುದಿಲ್ಲ.

ತೂಕಡಿಕೆ ತರುವ ಮಾತ್ರೆ ನುಂಗಿ ಬಾರ್‌ಬೆಲ್ ಹಿಡಿಯಬಾರದು, ಬೈಕೂ ಓಡಿಸಬಾರದು.

ಹೋದ ಸಲ ಉಳಿದ ಆಂಟಿಬಯೊಟಿಕ್ ಬೇಡ. ನೆಗಡಿಗೆ ಅದು ಕೆಲಸ ಮಾಡುವುದಿಲ್ಲ. ಗ್ರಂಥಿಜ್ವರದಲ್ಲಿ ಅಮಾಕ್ಸಿಸಿಲಿನ್ ತಗೊಂಡರೆ ಮೈಯೆಲ್ಲ ಕೆಂಪು ದದ್ದು ಏಳಬಹುದು.

"ಒಂದು ಇಂಜೆಕ್ಷನ್ ಹಾಕಿ ಡಾಕ್ಟ್ರೇ, ನಾಳೆ ಮ್ಯಾಚಿದೆ" ಎನ್ನುವುದು ಬೇಡ.

ಕೆಫೀನ್ ಇರುವ ಪ್ರಿ-ವರ್ಕೌಟ್ ಪುಡಿ ಬೇಡ.

ಜ್ವರವನ್ನು ನೆಗಡಿ ಎಂದುಕೊಳ್ಳುವುದು ಬೇಡ

ಮಳೆಗಾಲದಲ್ಲಿ ಜ್ವರ, ಕಣ್ಣಿನ ಹಿಂದೆ ನೋವು, ಮೈಮೂಳೆ ಮುರಿದಂಥ ನೋವು ಇದ್ದರೆ ಶೀತ ಎಂದು ತಳ್ಳಿಹಾಕಬಾರದು. ಡೆಂಗಿ ಇರಬಹುದು. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಿತು.

ಅಂಥ ಜ್ವರದಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಬೇಡ. ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮೈಕೈ ನೋವಿಗೆಂದು ಜಿಮ್ ಬ್ಯಾಗಿನಲ್ಲಿ ಸದಾ ಇರುವ ಮಾತ್ರೆಗಳು ಇವೇ.

ಮಲೆನಾಡಿನವರು, ಅಲ್ಲಿಗೆ ಚಾರಣ ಹೋಗಿ ಬಂದವರು ಡಿಸೆಂಬರ್‌ನಿಂದ ಮೇ ತನಕ ದಿಢೀರ್ ಜ್ವರ, ತಲೆನೋವು ಬಂದರೆ ಕಾಯುವುದು ಬೇಡ. ಅದು ಉಣುಗು ಕಡಿದು ಬರುವ ಮಂಗನ ಕಾಯಿಲೆ ಇರಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಇಂದಿಗೂ ಪ್ರಾಣ ತೆಗೆಯುತ್ತಿದೆ. ಕಾಡಿಗೆ ಹೋಗಿದ್ದ ವಿಷಯವನ್ನು ಆಸ್ಪತ್ರೆಯಲ್ಲಿ ಮುಚ್ಚಿಡಬಾರದು.

ಮೈದಾನದಲ್ಲಿ, ಜಿಮ್ಮಿನಲ್ಲಿ, ಗರಡಿಯಲ್ಲಿ

ಬೆವರು ಹರಿಸಿ ಶೀತ ಇಳಿಸುವ ಪ್ರಯತ್ನ ಬೇಡ. ಬೆವರಿನ ಜೊತೆ ವೈರಸ್ ಹೊರಗೆ ಹೋಗುವುದಿಲ್ಲ, ನೀರು ಹೋಗುತ್ತದೆ. ಹಳಬರು ಹೇಳಿದ್ದೆಲ್ಲ ತಪ್ಪಲ್ಲ, ಇದು ತಪ್ಪು.

ಜಾಕೆಟ್ ಮೇಲೆ ಜಾಕೆಟ್ ಹಾಕಿ ಓಡುವುದು ಬೇಡ.

ಉಸಿರು ಬಿಗಿಹಿಡಿದು ಭಾರ ಎತ್ತಬಾರದು. ಕಟ್ಟಿದ ಮೂಗು, ಕಿವಿಯ ಮೇಲೆ ಒತ್ತಡ ಬೀಳುತ್ತದೆ.

ದಂಡ, ಬಸ್ಕಿಯ ಲೆಕ್ಕ ಪೂರೈಸುವ ಹಟ ಬೇಡ.

ಮೂಗು ಸೋರುತ್ತಿರುವಾಗ ಕುಸ್ತಿ ಹಿಡಿಯಬಾರದು, ಕಬಡ್ಡಿ ಆಡಬಾರದು. ಮುಖಕ್ಕೆ ಮುಖ ತಾಗುವ ಆಟದಲ್ಲಿ ಒಬ್ಬರ ನೆಗಡಿ ಸಂಜೆಗೆ ಇಡೀ ತಂಡದ್ದು.

ಈಜುವುದು ಬೇಡ. ಕಿವಿಗೆ ಸೋಂಕು ಇಳಿಯಬಹುದು.

ನೀರಿನ ಬಾಟಲಿ, ಟವೆಲ್, ಮ್ಯಾಟ್ ಹಂಚಿಕೊಳ್ಳಬಾರದು.

ಟ್ರೆಡ್‌ಮಿಲ್ ಹಿಡಿಯನ್ನು ಒರೆಸದೆ ಇಳಿಯಬಾರದು.

ಹಣ ಕಟ್ಟಿದ್ದೇನೆ ಎಂದು ಮ್ಯಾರಥಾನಿಗೆ ಹೋಗುವುದು ಬೇಡ. ಬೆಂಗಳೂರಿನ 10 ಕಿಲೋಮೀಟರ್ ಓಟ 2008ರಲ್ಲಿ ಶುರುವಾದದ್ದು, ಮುಂದಿನ ವರ್ಷವೂ ನಡೆಯುತ್ತದೆ.

ಯೋಗ ಮಾಡುವವರು

ಯೋಗ ಸುರಕ್ಷಿತ ಎಂಬ ನಂಬಿಕೆಯಲ್ಲಿ ಎಚ್ಚರ ತಪ್ಪುವವರು ಹೆಚ್ಚು.

ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಬೇಡ. ತಲೆ ಕೆಳಗಾದರೆ ಕಟ್ಟಿದ ಮೂಗಿನ ಒತ್ತಡ ಹಣೆಗೆ, ಕಿವಿಗೆ ಏರುತ್ತದೆ.

ಕಪಾಲಭಾತಿ, ಭಸ್ತ್ರಿಕಾ ಬೇಡ.

ಗಂಟಲು ಕೆರೆಯುತ್ತಿರುವಾಗ ಉಜ್ಜಾಯಿ ಮಾಡಬಾರದು.

ನಲ್ಲಿ ನೀರಿನಲ್ಲಿ, ಬೋರ್‌ವೆಲ್ ನೀರಿನಲ್ಲಿ, ಕೆರೆ ನೀರಿನಲ್ಲಿ ಜಲನೇತಿ ಮಾಡಬಾರದು. ಕುಡಿದರೆ ಏನೂ ಮಾಡದ ಅಮೀಬಾವೊಂದು ಮೂಗಿನಿಂದ ಒಳಹೊಕ್ಕರೆ ಮಿದುಳಿಗೆ ಏರುತ್ತದೆ, ಹಾಗೆ ಏರಿದವರಲ್ಲಿ ಬದುಕುಳಿದವರು ಬಹಳ ಕಡಿಮೆ. ಪಕ್ಕದ ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದಿಂದ ಮಿದುಳಿಗೆ ಸೋಂಕು ತಗುಲಿದ ಪ್ರಕರಣಗಳು ಸಾಲಾಗಿ ಬಂದವು. ನೇತಿ ಮಾಡಲೇಬೇಕಿದ್ದರೆ ಕುದಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ ಮಾಡಿ. ಫಿಲ್ಟರ್ ನೀರು ಎಂಬ ಸಮಾಧಾನ ಬೇಡ.

ಹಬೆ ತಗೊಳ್ಳುವಾಗ ಕುದಿಯುವ ಪಾತ್ರೆ ತೊಡೆಯ ಮೇಲೆ ಬೇಡ. ಮಕ್ಕಳನ್ನು ಅದರ ಹತ್ತಿರ ಬಿಡಲೇಬಾರದು. ಹಬೆಯಿಂದ ಮೂಗು ಸ್ವಲ್ಪ ಹೊತ್ತು ಬಿಡುತ್ತದೆ. ಸುಟ್ಟ ಗಾಯ ತಿಂಗಳು ಕಾಡುತ್ತದೆ.

ಮಕ್ಕಳ ವಿಷಯ

ಸ್ಪೋರ್ಟ್ಸ್ ಡೇ ಇದೆ ಎಂದು ಜ್ವರ ಬಂದ ಮಗುವನ್ನು ಕಳಿಸಬಾರದು. ಪಿಟಿ ಮೇಷ್ಟ್ರಿಗೆ ಹೇಳದೆ ಮಾತ್ರೆ ಕೊಟ್ಟು ಕಳಿಸುವುದಂತೂ ಬೇಡವೇ ಬೇಡ. ಮಗು ಚೆನ್ನಾಗಿದೆ ಎಂದೇ ಅವರು ಓಡಿಸುತ್ತಾರೆ.

ದೊಡ್ಡವರ ಶೀತದ ಮಾತ್ರೆ ಅರ್ಧ ಮಾಡಿ ಕೊಡುವುದು ಬೇಡ. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಸೇರಿದ ಔಷಧವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ.

ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು.

ಭರ್ತಿಗೆ ಓಡುವವರು, ಓಡಿಸುವವರು

ದಿನಾಂಕ ಬಂದಿದೆ ಎಂದು ಜ್ವರದಲ್ಲಿ 1600 ಮೀಟರ್ ಓಡುವುದು ಬೇಡ. ಇದು ಹೇಳಲು ಸುಲಭ, ಕೇಳುವವರಿಗೆ ಕಷ್ಟ ಎಂದು ಗೊತ್ತು. ವರ್ಷಗಟ್ಟಲೆ ಕಾದ ಅವಕಾಶ, ಮನೆಯವರು ಸಾಲ ಮಾಡಿ ಕಳಿಸಿರುತ್ತಾರೆ, ವಯಸ್ಸಿನ ಮಿತಿ ಹತ್ತಿರವಾಗಿರುತ್ತದೆ. ಆದರೂ ಬೇಡ. ಸರ್ಕಾರಿ ಆಸ್ಪತ್ರೆಯ ಡಾಕ್ಟರಿಂದ ಬರೆಸಿಕೊಂಡು ಭರ್ತಿ ಅಧಿಕಾರಿಯನ್ನು ಕಂಡು ಬೇರೆ ದಿನ ಕೇಳಿ. ಸಿಗದೆಯೂ ಹೋಗಬಹುದು. ಆಗಲೂ ಓಡಬಾರದು.

ಸರದಿಯಲ್ಲಿ ನಿಂತು ಗೆಳೆಯ ಕೊಟ್ಟ ಪುಡಿ, ಮಾತ್ರೆ, ಇಂಜೆಕ್ಷನ್ ತಗೊಳ್ಳಬಾರದು.

ಕೋಚ್‌ಗಳು ಹಾಜರಿ ಹಾಕುವಾಗ ಜ್ವರ ಇದೆಯೇ ಎಂದು ಕೇಳದೆ ಓಟ ಶುರು ಮಾಡಿಸಬಾರದು.

ಸುಸ್ತು ಎಂದವರನ್ನು ಎಲ್ಲರ ಮುಂದೆ ಹೀಯಾಳಿಸಬಾರದು. ನಾಳೆ ಅವರು ಎದೆನೋವನ್ನೂ ಬಾಯಿಬಿಟ್ಟು ಹೇಳುವುದಿಲ್ಲ.

ತಪ್ಪಿಸಿಕೊಂಡ ದಿನಕ್ಕೆ ಶಿಕ್ಷೆಯೆಂದು ಹೆಚ್ಚು ಸುತ್ತು ಕೊಡಬಾರದು.

ಓಡುತ್ತ ಕುಸಿದವರ ಬಾಯಿಗೆ ನೀರು ಹಾಕುವುದು ಬೇಡ. ಹಿಡಿದೆತ್ತಿ ನಿಲ್ಲಿಸುವುದು ಬೇಡ. ಗುಂಪು ಕಟ್ಟಿ ವಿಡಿಯೊ ಮಾಡುವುದು ಬೇಡ. ಭುಜ ತಟ್ಟಿ ಕರೆಯಿರಿ. ಓಗೊಡದೆ, ಉಸಿರಾಡದೆ ಇದ್ದರೆ ಒಬ್ಬರು 108ಕ್ಕೆ ಕರೆ ಮಾಡಿ, ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತುತ್ತಿರಿ. ಆಂಬುಲೆನ್ಸ್‌ನವರು ಕೈಗೆತ್ತಿಕೊಳ್ಳುವ ತನಕ ನಿಲ್ಲಿಸಬಾರದು.